ದೇವಾನಂದ ಬರೆದ ನಲವತ್ತೊಂದು ಚೀಟಿಗಳು

ಮುಂಬಯಿಯ ಪರೇಲಿನ ಆಸ್ಪತ್ರೆಯಿಂದ ಪವಾಯಿಯ ಪ್ರಯೋಗಾಲಯಕ್ಕೆ ದೇವಾನಂದ ಒಯ್ಯುತ್ತಿದ್ದ ಪೆಟ್ಟಿಗೆ ಊಟದ ಡಬ್ಬಿಗಿಂತ ಹೆಚ್ಚು ದೊಡ್ಡದಲ್ಲ. ಅದರೊಳಗೆ ಸುತ್ತಲೂ ಐಸು, ಐಸಿನ ನಡುವೆ ಒಂದು ಕುಪ್ಪಿ, ಕುಪ್ಪಿಯ ಗುಲಾಬಿ ದ್ರಾವಣದಲ್ಲಿ ಕಡಲೆಕಾಳಿನಷ್ಟು ಮಾಂಸ. ಯಾರದೋ ಮೊಲೆಯ ಗಂಟಿನಿಂದ, ಯಾರದೋ ನಾಲಗೆಯ ಅಂಚಿನಿಂದ ಸರ್ಜನ್ ಆಗತಾನೇ ಕತ್ತರಿಸಿ ತೆಗೆದದ್ದು. ಕತ್ತರಿಸಿದ ಎಪ್ಪತ್ತೈದು ನಿಮಿಷದೊಳಗೆ ಅದು ಪವಾಯಿ ಮುಟ್ಟಬೇಕು. ಕಾರಿನಲ್ಲಿ ಹೊರಟು ಸಯನ್ ಬಳಿ ಸಿಕ್ಕಿಬಿದ್ದರೆ ಎರಡು ಗಂಟೆಗೆ ಕಡಿಮೆಯಿಲ್ಲ. ಆದ್ದರಿಂದ ಲೋಕಲ್ ರೈಲು. ಪರೇಲಿನಲ್ಲಿ ಎಲ್ಲ ಸ್ಟೇಶನ್ನಿನಲ್ಲೂ ನಿಲ್ಲುವ ಸ್ಲೋ ಗಾಡಿ ಹತ್ತಿ, ಕಾಂಜೂರಮಾರ್ಗದಲ್ಲಿ ಇಳಿದು, ಅಲ್ಲಿಂದ ರಿಕ್ಷಾ.

ಈ ಅವಸರ ಏಕೆಂದು ಅವನಿಗೆ ಮೊದಲ ದಿನವೇ ಹೇಳಿಕೊಟ್ಟವಳು ಧಾತ್ರಿ. ಅವಳು ಆ ಪ್ರಯೋಗಾಲಯದ ಸಂಶೋಧಕಿ, ಇಪ್ಪತ್ತೊಂಬತ್ತು ವರ್ಷದವಳು. ತಂದೆತಾಯಿ ಮೈಸೂರಿನ ಕಡೆಯವರಾದರೂ ಹುಟ್ಟಿ ಬೆಳೆದದ್ದು ಪವಾಯಿಯಲ್ಲಿ. ಕನ್ನಡ ಮಾತಾಡುತ್ತಿದ್ದಳು, ಆದರೆ ಮೂರು ಮಾತಿಗೊಮ್ಮೆ ಪಕ್ಕದ ಭಾಷೆಗೆ ಕಾಲಿಡುತ್ತಿದ್ದಳು.

"ಕ್ಯಾನ್ಸರ್ ಸೆಲ್‌ಗೆ ಹಸಿವು ಜಾಸ್ತಿ, ಕಾಕಾ. ಪಕ್ಕದ್ದು ಒಂದು ತುತ್ತು ತಿನ್ನೋಷ್ಟರಲ್ಲಿ ಇದು ಹತ್ತು ತಿಂದಿರುತ್ತೆ. ನಾವು ಸಕ್ಕರೆಗೆ ಒಂದು ಬಣ್ಣ ಕಟ್ಟಿ ತಿನ್ನಿಸ್ತೀವಿ. ನೀಲಿ ಲೈಟ್ ಬಿಟ್ರೆ ಆ ಬಣ್ಣ ಹಸಿರಾಗಿ ಚಮಕ್ತದೆ. ಯಾರು ಜಾಸ್ತಿ ತಿಂದ್ರೋ ಅವರು ಜಾಸ್ತಿ ಹೊಳೀತಾರೆ."

"ಕದ್ದು ತಿಂದಾಂವನ ಬಾಯಿಗೆ ಬಣ್ಣ ಹತ್ತಿಧಂಗ," ಎಂದ ದೇವಾನಂದ.

"ಹಾಂ, ಬರೋಬರ್. ಆದ್ರೆ ಕಳ್ಳ ಜೀವಂತ ಇರ್ಬೇಕು. ಲೇಟ್ ಆದ್ರೆ ಸೆಲ್ ಸುಸ್ತಾಗತ್ತೆ, ಏನೂ ತಿನ್ನಲ್ಲ. ಆಗ ಕಳ್ಳನೂ ಒಳ್ಳೆಯವನ ಥರಾನೇ ಕಾಣ್ತಾನೆ."

ಈ ಬಣ್ಣ ನಂಬಿಕೆಗೆ ಅರ್ಹವೆಂದು ಸಾಬೀತಾದರೆ ಮುಂದೊಂದು ದಿನ ಆಪರೇಶನ್ ಕೋಣೆಯಲ್ಲೇ ಸರ್ಜನ್ ಅದನ್ನು ಗಾಯದ ಅಂಚಿಗೆ ಹಚ್ಚಿ, ರೋಗ ಇನ್ನೂ ಉಳಿದಿದೆಯೋ ಇಲ್ಲವೋ ಎಂದು ಹೊಲಿಗೆ ಹಾಕುವ ಮೊದಲೇ ನೋಡಬಹುದು. ಅದಕ್ಕೆ ಮೊದಲು ನೂರಾರು ಚೂರುಗಳ ಮೇಲೆ ಪರೀಕ್ಷೆ ಆಗಬೇಕು. ಚೂರು ಹೊಳೆಯಿತೇ ಎಂದು ಧಾತ್ರಿ ಬರೆದಿಡುತ್ತಿದ್ದಳು. ಅದೇ ಗಂಟಿನ ಬಗ್ಗೆ ಆಸ್ಪತ್ರೆಯ ವರದಿ ವಾರದ ನಂತರ ಬರುತ್ತಿತ್ತು. ಎರಡೂ ಹೊಂದಬೇಕು.

ದೇವಾನಂದನಿಗೆ ಆಗ ಐವತ್ತೊಂದು. ತಂದೆ ಸಿದ್ದರಾಮಪ್ಪ ವಿಜಯಪುರ ಜಿಲ್ಲೆಯಿಂದ ಬಂದು ಮಸ್ಜಿದ್ ಬಂದರಿನ ಜೋಳದ ವ್ಯಾಪಾರಿಯೊಬ್ಬರ ಬಳಿ ಗುಮಾಸ್ತರಾಗಿದ್ದವರು. ಮಗ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿ, ಹನ್ನೆರಡನೆಯ ತರಗತಿಯಲ್ಲಿ ಎರಡು ಸಲ ನಪಾಸಾಗಿ, ಹತ್ತೊಂಬತ್ತನೆಯ ವಯಸ್ಸಿಗೆ ಒಂದು ಪ್ಯಾಥಾಲಜಿ ಲ್ಯಾಬ್ ಸೇರಿದ. ಕುಲಾಬಾದಿಂದ ಕಲ್ಯಾಣದವರೆಗೆ ಮನೆಮನೆಯ ರಕ್ತದ ಟ್ಯೂಬುಗಳನ್ನು ಒಟ್ಟುಮಾಡಿ ತರುವ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿದ. ಆ ಲ್ಯಾಬನ್ನು ದೊಡ್ಡ ಕಂಪನಿಯೊಂದು ಕೊಂಡು, ಬೈಕ್ ಇಲ್ಲದವರನ್ನೆಲ್ಲ ಮನೆಗೆ ಕಳಿಸಿತು. ಹನ್ನೊಂದು ತಿಂಗಳಿಗೊಮ್ಮೆ ನವೀಕರಿಸುವ ಗುತ್ತಿಗೆಯ ಮೇಲೆ ಅವನು ಪವಾಯಿಗೆ ಬಂದದ್ದು ಹೀಗೆ.

ಟೈಮ್‌ಟೇಬಲ್ ಅವನಿಗೆ ಕಂಠಪಾಠವಾಗಿತ್ತು. ಮುಂಬಯಿಯಲ್ಲಿ ಲೋಕಲ್ ಗಾಡಿಗಳನ್ನು ಹೊರಡುವ ಹೊತ್ತಿನಿಂದ ಕರೆಯುತ್ತಾರೆ. ಎಂಟು ಏಳು, ಒಂಬತ್ತು ಹದಿನಾಲ್ಕು. ಎಂಟು ಏಳು ಎಂಟೂವರೆಗೆ ಬಂದರೂ ಅದು ಎಂಟು ಏಳೇ. ಪ್ಲಾಟ್‌ಫಾರ್ಮಿನಲ್ಲಿ ನಿಂತವರು ಕೇಳುವುದು "ಎಂಟು ಏಳು ಬಂತಾ" ಎಂದೇ. ಹೆಸರಿಟ್ಟ ಮೇಲೆ ಮನುಷ್ಯ ತಡವಾಗಿ ಬಂದನೆಂದು ಅವನ ಹೆಸರನ್ನು ಯಾರೂ ಬದಲಿಸುವುದಿಲ್ಲವಲ್ಲ, ಹಾಗೆ. ದೇವಾನಂದನಿಗೆ ಇದು ಅಭ್ಯಾಸವಷ್ಟೇ ಆಗಿರಲಿಲ್ಲ, ಯೋಚಿಸುವ ಕ್ರಮವೇ ಆಗಿತ್ತು. ಹನ್ನೆರಡು ಹದಿನೆಂಟು ಹಿಡಿದರೆ ಕಾಂಜೂರಮಾರ್ಗ ಹನ್ನೆರಡು ನಲವತ್ತೊಂಬತ್ತು, ರಿಕ್ಷಾ ಹನ್ನೆರಡು ನಿಮಿಷ, ಲ್ಯಾಬಿನ ಬಾಗಿಲು ಒಂದು ಗಂಟೆ ಒಂದು ನಿಮಿಷ. ಲೆಕ್ಕ ಮುಗಿಯಿತು.

ಪೆಟ್ಟಿಗೆಯ ಜೊತೆ ಒಂದು ಚೀಟಿ ಇರುತ್ತಿತ್ತು. ಚೂರು ಕತ್ತರಿಸಿದ ಹೊತ್ತನ್ನು ಆಪರೇಶನ್ ಕೋಣೆಯ ನರ್ಸ್ ಬರೆಯುತ್ತಿದ್ದಳು. ಲ್ಯಾಬಿಗೆ ಮುಟ್ಟಿದ ಹೊತ್ತನ್ನು ದೇವಾನಂದ ಬರೆಯಬೇಕು. ಬಾಗಿಲಲ್ಲಿ ನಿಂತು ಪೆನ್ನು ಹುಡುಕಿ ಬರೆಯುವುದಕ್ಕೆ ಅರ್ಧ ನಿಮಿಷ ಹೋಗುತ್ತದೆಂದು ಅವನ ಜೀವ ಚಡಪಡಿಸುತ್ತಿತ್ತು. ಅದಕ್ಕಾಗಿ ಆ ಜಾಗವನ್ನು ಗಾಡಿಯಲ್ಲೇ, ಸಾಮಾನ್ಯವಾಗಿ ದಾದರ್ ದಾಟಿದೊಡನೆ, ತುಂಬಿಸಿಬಿಡುತ್ತಿದ್ದ. ರಿಕ್ಷಾ ಇಳಿದಾಗ ಧಾತ್ರಿಯ ಫೋನಿಗೆ ಒಂದೇ ಪದ, "ಗೇಟ್". ಅಷ್ಟರಲ್ಲಿ ಅವಳು ಕೈಗವಸು ಹಾಕಿ ನಿಂತಿರುತ್ತಿದ್ದಳು. ಅವಳು ಗಡಿಯಾರ ನೋಡುತ್ತಿರಲಿಲ್ಲ, ಪೆಟ್ಟಿಗೆ ನೋಡುತ್ತಿದ್ದಳು. ಚೀಟಿ ಫೈಲಿಗೆ ಹೋಗುತ್ತಿತ್ತು.

ಎರಡು ವರ್ಷದಲ್ಲಿ ನಲವತ್ತೊಂದು ಚೂರುಗಳು ಬಂದವು. ಅವುಗಳಲ್ಲಿ ಒಂಬತ್ತು ಹೊಳೆಯಬೇಕಾಗಿದ್ದೂ ಹೊಳೆಯಲಿಲ್ಲ. ಆಸ್ಪತ್ರೆಯ ವರದಿ ಕ್ಯಾನ್ಸರ್ ಎಂದರೆ, ಧಾತ್ರಿಯ ಸೂಕ್ಷ್ಮದರ್ಶಕದಲ್ಲಿ ಕತ್ತಲೆ.

ಒಂಬತ್ತು ಎಂದರೆ ಸಣ್ಣ ಸಂಖ್ಯೆಯಲ್ಲ. ಪ್ರಯೋಗಾಲಯದ ಮುಖ್ಯಸ್ಥ ಅಮೋಲ್ ಸರ್ ನೇರವಾಗಿ ಹೇಳಿದರು: ಒಂಬತ್ತು ಮಂದಿಯ ದೇಹದಲ್ಲಿ ರೋಗ ಬಿಟ್ಟು ಹೊಲಿಗೆ ಹಾಕಿಸುವ ಬಣ್ಣವನ್ನು ಯಾವ ಸರ್ಜನ್ ಕೈಗೂ ಕೊಡಲಾಗದು. ತಿಂಗಳ ಇಪ್ಪತ್ತಕ್ಕೆ ಈ ಕೆಲಸದ ಪರಿಶೀಲನಾ ಸಮಿತಿ ಸೇರುವುದಿತ್ತು. ಕಾರಣ ಸಿಗದಿದ್ದರೆ ಈ ಬಣ್ಣದ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಧಾತ್ರಿ ಅದಕ್ಕೆ ಕೊಟ್ಟ ಆರು ವರ್ಷವೂ ಅದರ ಜೊತೆಗೇ.

ಅವಳು ಬಣ್ಣವನ್ನು ಮೊದಲಿನಿಂದ ಎರಡು ಸಲ ತಯಾರಿಸಿದ್ದಳು. ಸೂಕ್ಷ್ಮದರ್ಶಕದ ಫಿಲ್ಟರ್ ಬದಲಿಸಿದ್ದಳು, ದ್ರಾವಣ ಬದಲಿಸಿದ್ದಳು. ಒಂದು ಶುಕ್ರವಾರ ಮಧ್ಯಾಹ್ನ ಆ ಒಂಬತ್ತು ಚೂರುಗಳ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಖಾಲಿ ಪೆಟ್ಟಿಗೆ ತೊಳೆದಿಡಲು ದೇವಾನಂದ ಒಳಗೆ ಬಂದ.

"ನೋಡಿ ಕಾಕಾ," ಎಂದಳು. "ಈ ಪೂರಾ ಪ್ರಾಜೆಕ್ಟ್‌ನಲ್ಲಿ ನಿಮ್ಮ ಚೀಟಿ ಒಂದೇ ಸರಿ ಇರೋದು. ಅರವತ್ತಾರು ನಿಮಿಷ, ಅರವತ್ಮೂರು, ಎಪ್ಪತ್ತು. ಒಂದು ದಿನಾನೂ ಲೇಟ್ ಇಲ್ಲ. ಬಾಕಿ ಸಬ್ ಗಡ್‌ಬಡ್."

ಹೊಗಳಿಕೆಯನ್ನು ಕೇಳುತ್ತ ಅವನು ಮೇಜಿನ ಮೇಲಿದ್ದ ಚೀಟಿಗಳತ್ತ ಕಣ್ಣು ಹಾಯಿಸಿದ. ಹದಿನೇಳನೆಯ ಚೂರಿನದು ಎಲ್ಲಕ್ಕಿಂತ ಮೇಲಿತ್ತು. ತಲುಪಿದ ಹೊತ್ತು ಒಂದು ಗಂಟೆ ಒಂದು ನಿಮಿಷ, ತನ್ನದೇ ಕೈಬರಹ. ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಘಾಟ್ಕೋಪರ್ ಬಳಿ ಮೇಲಿನ ವಿದ್ಯುತ್ ತಂತಿ ಹರಿದು ಗಾಡಿ ನಿಂತಿತ್ತು. ಜನರೊಂದಿಗೆ ಅವನೂ ಪೆಟ್ಟಿಗೆ ಎದೆಗೊತ್ತಿಕೊಂಡು ಹಳಿಯ ಮೇಲೆ ಇಳಿದು ನಡೆದಿದ್ದ. ಕಲ್ಲು ಚುಚ್ಚಿ ಚಪ್ಪಲಿ ಕಿತ್ತು, ಒಂದು ಕಾಲು ಬರಿಗಾಲಲ್ಲೇ ರಿಕ್ಷಾ ಹತ್ತಿದ್ದ. ಆ ದಿನ ಒಂದು ಗಂಟೆ ಒಂದು ನಿಮಿಷಕ್ಕೆ ಅವನು ಎಲ್ಲಿದ್ದನೋ, ಪವಾಯಿಯಲ್ಲಂತೂ ಇರಲಿಲ್ಲ.

ಚೀಟಿ ಬರೆದದ್ದು ದಾದರಿನಲ್ಲಿ, ತಂತಿ ಹರಿಯುವ ಮೊದಲು.

"ಪೆಟ್ಟಿಗಿ ತೊಳದಿಡ್ತೇನ್ರಿ," ಎಂದು ಹೇಳಿ ಹೊರಗೆ ಹೋದ.

ಅವನು ಅಂದೇ ಹೇಳಲಿಲ್ಲ. ಶನಿವಾರವೂ ಹೇಳಲಿಲ್ಲ, ಭಾನುವಾರವಂತೂ ರಜೆ. ಇದನ್ನು ಮೃದುಗೊಳಿಸಿ ಹೇಳುವ ಅಗತ್ಯವಿಲ್ಲ. ಅವನಿಗೆ ಹೆದರಿಕೆಯಾಗಿತ್ತು. ಎರಡು ತಿಂಗಳಲ್ಲಿ ಗುತ್ತಿಗೆ ಮುಗಿಯುವುದಿತ್ತು. ಸುಳ್ಳು ಹೊತ್ತು ಬರೆದವನೆಂಬ ಮಾತು ಒಮ್ಮೆ ಹೊರಟರೆ, ಐವತ್ತೊಂದನೆಯ ವಯಸ್ಸಿನಲ್ಲಿ, ಬೈಕೂ ಇಲ್ಲದ ಮನುಷ್ಯನ ಕೈಗೆ ಯಾವ ಲ್ಯಾಬ್ ಪೆಟ್ಟಿಗೆ ಕೊಡುತ್ತದೆ? ಸುಳ್ಳು ಬರೆಯಬೇಕೆಂದು ಅವನು ಬರೆದಿರಲಿಲ್ಲ, ನಿಜ. ಆದರೆ ಚೀಟಿಗೆ ಮನಸ್ಸಿನಲ್ಲಿದ್ದದ್ದು ಕಾಣುವುದಿಲ್ಲ.

ಮುಲುಂಡಿನ ಮನೆ ಒಂದು ಕೋಣೆ, ಒಂದು ಅಡುಗೆಮನೆ, ಹೊರಗೆ ಎಲ್ಲರಿಗೂ ಸೇರಿದ ಓಣಿಯಂಥ ಜಾಗ. ಭಾನುವಾರ ಬೆಳಗಿನಿಂದ ಅವನು ಕೋಣೆಯಿಂದ ಓಣಿಗೆ, ಓಣಿಯಿಂದ ಕೆಳಗಿನ ಗೇಟಿಗೆ, ಗೇಟಿನಿಂದ ಮತ್ತೆ ಮೇಲಕ್ಕೆ ತಿರುಗುತ್ತಿದ್ದ. ಹೆಂಡತಿ ನಾಗವ್ವ ರೊಟ್ಟಿ ಬಡಿಯುತ್ತಿದ್ದಳು. ಐದನೆಯ ಸಲಕ್ಕೆ ಅವಳ ಕೈ ನಿಂತಿತು.

"ಏನ್ರಿ, ಒಳಗರೆ ಇರ್ರಿ, ಹೊರಗರೆ ಹೋಗ್ರಿ. ಹೊಚ್ಚಲ ಸವದ ಹೋಗಾಕತ್ತೈತಿ."

"ಸೆಕಿ ಭಾಳ ಐತಿ."

"ಸೆಕಿ ನನಗೈತಿ, ಒಲಿ ಮುಂದ ಕುಂತಾಕಿಗೆ."

ಕಾಲೇಜಿನಲ್ಲಿ ಓದುವ ಮಗಳು ಸ್ನೇಹಲ್ ಫೋನಿನಿಂದ ತಲೆ ಎತ್ತದೆ ಹೇಳಿದಳು, "ಮಮ್ಮಿ, ಪಪ್ಪಾಗೆ ಕುಛ್ ಹುವಾ ಹೈ. ನಿನ್ನೆ ಭೀ ಹಿಂಗೇ ಮಾಡಿದ್ರು. ಚಾ ಥಂಡಾ ಆಯ್ತು, ಕುಡೀಲೇ ಇಲ್ಲ."

ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಗೋಡೆಯ ಕಡೆ ಮುಖಮಾಡಿ, ಎಲ್ಲವನ್ನೂ ಹೇಳಿದ. ನಾಗವ್ವ ಹೆಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದಳು.

"ಹೇಳಿದ್ರ ಏನ ಆಕ್ಕೈತಿ?"

"ನೌಕರಿ ಹೊಕ್ಕೈತಿ."

"ಹೇಳಲಿಲ್ಲಂದ್ರ?"

"ಆ ಬಣ್ಣ ಕೆಲಸಕ್ಕ ಬರೂದಿಲ್ಲಂತ ಮೂಲಿಗೆ ಒಗೀತಾರ."

"ಬಣ್ಣ ಖರೇನ ಕೆಲಸಕ್ಕ ಬರ್ತೈತೇನು?"

"ಯಾಂವ ಬಲ್ಲ. ಬರಬಹುದು. ಅದ ಗೊತ್ತಾಗಧಂಗ ಮಾಡಿಟ್ಟಾಂವ ನಾನು."

ನಾಗವ್ವ ರೊಟ್ಟಿ ಇಳಿಸಿದಳು. "ಊರಾಗ ನಾಕ ಮಂದಿ ನೌಕರಿ ಕಳಕೊಂಡಾರ, ನೀವ ಐದನೇದವ್ರು. ನನ್ನ ತಮ್ಮನ ಅಂಗಡ್ಯಾಗ ನಿಂದರಾಕ ಆಕ್ಕೈತಿ. ಆದ್ರ ಹಿಂಗ ಹೊಟ್ಟ್ಯಾಗ ಇಟಗೊಂಡ ನನ್ನ ಮನ್ಯಾಗ ತಿರಗ್ಯಾಡಬ್ಯಾಡ್ರಿ. ಒಂದ ಕಡೆ ಕುಂದರಾಕ ಬರದಾಂವಗ ಗುಟ್ಟ ಇಟ್ಟುಕೊಳ್ಳಾಕ ಹೆಂಗ ಬರ್ತೈತಿ? ನಾಳೆ ಹೋಗಿ ಹೇಳ್ರಿ. ಈಗ ಉಣ್ರಿ."

ಸೋಮವಾರ ಹೇಳಬೇಕೆಂದೇ ಹೋದ. ಆದರೆ ಮುಲುಂಡ್ ಸ್ಟೇಶನ್ನಿನಲ್ಲೇ ಆಸ್ಪತ್ರೆಯಿಂದ ಫೋನ್ ಬಂತು. ಹನ್ನೊಂದೂವರೆಯ ನಂತರ ಒಂದು ಚೂರು ಇದೆ, ಬನ್ನಿ. ಪವಾಯಿಯ ಬದಲು ನೇರ ಪರೇಲಿಗೆ ಹೋದ. ನಲವತ್ತೆರಡನೆಯ ಚೂರು. ಆ ದಿನ ಅವನು ಗಾಡಿಯಲ್ಲಿ ಪೆನ್ನು ಮುಟ್ಟಲಿಲ್ಲ. ಗಾಡಿ ಕುರ್ಲಾ ಮತ್ತು ವಿದ್ಯಾವಿಹಾರ್ ನಡುವೆ ಹದಿನೆಂಟು ನಿಮಿಷ ನಿಂತಿತು. ಬೋಗಿಯಲ್ಲಿದ್ದವರು ಬೈದುಕೊಂಡು ಮತ್ತೆ ಫೋನ್ ನೋಡತೊಡಗಿದರು. ಈ ನಿಲುಗಡೆಗಳನ್ನು ಮೂವತ್ತು ವರ್ಷ ಅವನೂ ಹಾಗೆಯೇ ದಾಟಿದ್ದ, ಸೊಳ್ಳೆ ಓಡಿಸಿದಂತೆ. ಈಗ ಒಂದೊಂದು ನಿಮಿಷವನ್ನೂ ಬೆರಳಿನ ಗೆಣ್ಣಿನಲ್ಲಿ ಎಣಿಸಿದ. ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡೇ ಇದ್ದ. ಒಳಗಿನದು ಸುಸ್ತಾಗುತ್ತಿದೆ ಎಂದು ಅಂಗೈಗೆ ತಿಳಿಯುವುದೇ ಆಗಿದ್ದರೆ ಚೀಟಿಗಳ ಅಗತ್ಯವೇ ಇರುತ್ತಿರಲಿಲ್ಲ.

ಲ್ಯಾಬಿನ ಬಾಗಿಲಲ್ಲಿ ನಿಂತು, ಗೋಡೆಯ ಗಡಿಯಾರ ನೋಡಿ, ಹೊತ್ತು ಬರೆದು ಕೊಟ್ಟ. ಧಾತ್ರಿ ಅಭ್ಯಾಸದಂತೆ ಪೆಟ್ಟಿಗೆ ತೆಗೆದುಕೊಂಡಳು. ಆಮೇಲೆ ಚೀಟಿ ಓದಿದಳು.

"ಎಂಬತ್ತಾರು ನಿಮಿಷ? ಎರಡು ವರ್ಷದಲ್ಲಿ ಫಸ್ಟ್ ಟೈಮ್ ಲೇಟ್ ಆದ್ರಿ, ಕಾಕಾ."

"ಫಸ್ಟ್ ಟೈಮ್ ಖರೇ ಬರದೇನ್ರಿ," ಎಂದ.

ಅವಳು ಅರ್ಥವಾಗದೆ ನೋಡಿದಳು.

"ಬಾಕಿ ಎಲ್ಲಾ ಗಾಡ್ಯಾಗ ನಿಂತ ಬರದದ್ರಿ, ಮೇಡಮ್. ಮುಟ್ಟೂಕಿಂತ ಮೊದಲ. ಟೈಮ್‌ಟೇಬಲ್ ಹೆಂಗ ಐತಿ ಹಂಗ."

"ಎಷ್ಟು ಚೀಟಿ?"

"ನಲವತ್ತೊಂದೂ ರೀ."

ಧಾತ್ರಿ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಮೊದಲು ಚೂರಿಗೆ ಬಣ್ಣ ಹಾಕಿ, ಟೈಮರ್ ಒತ್ತಿ, ಕೈಗವಸು ತೆಗೆದಳು. ಆಮೇಲೆ ಮಾತಾಡಿದಳು. ದನಿ ಏರಲಿಲ್ಲ.

"ನಾಲ್ಕು ತಿಂಗಳು ನಾನು ಡೈ ತಪ್ಪು ಅಂದ್ಕೊಂಡೆ. ಎರಡು ಸಲ ಪೂರಾ ಮಾಡಿದೆ. ಅಮ್ಮನ ಹತ್ರ ಹೇಳ್ದೆ, ನನಗೆ ಈ ಕೆಲಸ ಬರಲ್ಲ, ಛೋಡ್ ದೂಂಗೀ ಅಂತ. ನೀವು ಇಲ್ಲೇ ಬಾಗಿಲಲ್ಲಿ ನಿಂತಿರ್ತಿದ್ರಿ."

"ನನಗ ಗೊತ್ತಾಗಿದ್ದ ಶುಕ್ರವಾರ ರೀ."

"ಇವತ್ತು ಸೋಮವಾರ."

ಅವನು ಕಾಲು ಬದಲಿಸಿ ಕಾಲು ಬದಲಿಸಿ ನಿಂತ. ಹೊರಗೆ ಹೋಗೆಂದರೆ ಹೋಗುತ್ತಿದ್ದ. ಅವಳು ಹೋಗೆನ್ನಲಿಲ್ಲ. ಅವನೇ ಹೇಳಿದ, "ಖರೇ ಹೊತ್ತ ನಿಮ್ಮ ಫೋನಿನ್ಯಾಗ ಐತ್ರಿ. ಗೇಟ್ ಅಂತ ಕಳಸ್ತಿದ್ದೆ. ರಿಕ್ಷಾ ಇಳದ ಮ್ಯಾಲ ಕಳಸ್ತಿದ್ದೆ, ಮೊದಲ ಕಳಸಿಲ್ಲ."

ಧಾತ್ರಿ ಫೋನ್ ತೆಗೆದು ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದಳು. ಎರಡು ವರ್ಷದ ಮಾತುಕತೆ ಎಂದರೆ ಬರೀ "ಗೇಟ್", "ಗೇಟ್", ನಡುವೆ ಒಂದೆರಡು ದೀಪಾವಳಿ ಶುಭಾಶಯ. ಪ್ರತಿಯೊಂದರ ಕೆಳಗೂ ಹೊತ್ತು. ಗೇಟಿನಿಂದ ಬಾಗಿಲಿಗೆ ಎರಡು ನಿಮಿಷ ಸೇರಿಸಬೇಕು, ಅಷ್ಟೆ.

"ಕೂತ್ಕೊಳ್ಳಿ," ಎಂದಳು. "ನಾನು ಫೋನ್ ಓದ್ತೀನಿ, ನೀವು ನರ್ಸ್ ಬರೆದ ಟೈಮ್ ಓದಿ."

ಮಧ್ಯಾಹ್ನವೆಲ್ಲ ಅದೇ ನಡೆಯಿತು. ನಲವತ್ತೊಂದರಲ್ಲಿ ಹದಿನೈದು ಚೂರುಗಳು ಎಪ್ಪತ್ತೈದು ನಿಮಿಷ ದಾಟಿ ಬಂದಿದ್ದವು. ಕತ್ತಲೆಯಾಗಿ ಉಳಿದ ಒಂಬತ್ತರಲ್ಲಿ ಎಂಟು ಆ ಹದಿನೈದರೊಳಗಿದ್ದವು. ಆದರೆ ಒಂದು ಅರವತ್ತೊಂದೇ ನಿಮಿಷದಲ್ಲಿ ಬಂದರೂ ಹೊಳೆದಿರಲಿಲ್ಲ. ತಡವಾಗಿ ಬಂದ ಮೂರು, ತಡವೇ ಆಗಿಲ್ಲವೆಂಬಂತೆ ಹೊಳೆದಿದ್ದವು. ತಡವಾದ ಇನ್ನುಳಿದ ನಾಲ್ಕು ಕ್ಯಾನ್ಸರೇ ಅಲ್ಲ, ಅವು ಹೊಳೆಯಬೇಕಾಗಿರಲಿಲ್ಲ. ದೇವಾನಂದ ಎಂಟು ಎಂಬ ಸಂಖ್ಯೆ ಕೇಳಿ ನಿಟ್ಟುಸಿರು ಬಿಟ್ಟ. ಧಾತ್ರಿ ಬಿಡಲಿಲ್ಲ.

"ಇದು ಕಾರಣ ಇರಬಹುದು. ಪ್ರೂಫ್ ಅಲ್ಲ. ಲೇಟ್ ಆಗಿದ್ದಕ್ಕೇ ಕತ್ತಲೆ ಆಯ್ತು ಅಂತ ಯಾರು ಹೇಳ್ತಾರೆ? ಸಮಿತಿಯವರು ಕೇಳ್ತಾರೆ, ಮೊದಲು ತಪ್ಪು ಬರೆದಿರಿ, ಈಗ ಬೇಕಾದ ಹಾಗೆ ಬರೀತಿದ್ದೀರಾ ಅಂತ."

ನಲವತ್ತೆರಡನೆಯ ಚೂರು ಅಂದು ಹೊಳೆಯಲಿಲ್ಲ. ಅದು ಕ್ಯಾನ್ಸರೇ ಎಂದು ವರದಿ ಬಂದದ್ದು ವಾರದ ಮೇಲೆ.

ಅಮೋಲ್ ಸರ್ ಮರಾಠಿಯಲ್ಲಿ ಎರಡೇ ಪ್ರಶ್ನೆ ಕೇಳಿದರು. ಬೇಕೆಂದು ಮಾಡಿದ್ದೇ? ಬೇರೆ ಯಾರಿಗಾದರೂ ಗೊತ್ತಿತ್ತೇ? ಎರಡಕ್ಕೂ ಇಲ್ಲ ಎಂದ ಮೇಲೆ, ನಡೆದದ್ದನ್ನು ಸ್ವಂತ ಕೈಯಲ್ಲಿ ಬರೆದು ಸಹಿ ಮಾಡಿ ಕೊಡಬೇಕೆಂದರು. ಒಂದು ಪ್ರತಿ ಸಮಿತಿಗೆ, ಒಂದು ಆಸ್ಪತ್ರೆಗೆ. ಆಗಿದ್ದನ್ನು ಆದ ಹಾಗೆ ಬರೆಯಲು ದೇವಾನಂದನಿಗೆ ಬರುತ್ತಿದ್ದುದು ಕನ್ನಡ ಒಂದರಲ್ಲೇ. ಶಾಲೆಯ ಅಕ್ಷರದಲ್ಲಿ, ಗುಂಡಗೆ, ಒಂದೂವರೆ ಪುಟ ಬರೆದ. ಧಾತ್ರಿ ಹಾಳೆಯನ್ನು ಕೈಗೆತ್ತಿಕೊಂಡು ನೋಡಿ ಹಿಂದಕ್ಕೆ ಕೊಟ್ಟಳು.

"ನನಗೆ ಓದಕ್ಕೆ ಬರಲ್ಲ, ಕಾಕಾ. ನೀವೇ ಓದಿ, ನಾನು ಇಂಗ್ಲಿಷಲ್ಲಿ ಟೈಪ್ ಮಾಡ್ತೀನಿ."

ಬರೆಯುವುದು ಸುಲಭವಾಗಿತ್ತು. ಓದುವುದು ಆಗಲಿಲ್ಲ. "ನಾನು ಗಾಡಿಯಲ್ಲಿ ನಿಂತು, ತಲುಪುವ ಮೊದಲೇ, ತಲುಪಿದೆನೆಂದು ಬರೆದೆನು" ಎಂಬ ವಾಕ್ಯದಲ್ಲಿ ಎರಡು ಸಲ ನಿಂತ. ಧಾತ್ರಿ ಟೈಪ್ ಮಾಡುತ್ತ, "'ಬರೆದೆನು' ಅಂದ್ರೆ ಒಂದು ಸಲಾನಾ, ಪ್ರತಿ ಸಲಾನಾ?" ಎಂದು ಕೇಳಿದಳು. "ಪ್ರತಿ ಸಲ," ಎಂದ. "ಹಾಗೇ ಬರೀಬೇಕು," ಎಂದಳು. ಅವನು ಪೆನ್ನು ತೆಗೆದು ಹಾಳೆಯಲ್ಲೂ ಸೇರಿಸಿದ.

ಇಪ್ಪತ್ತಕ್ಕೆ ಸಮಿತಿ ಸೇರಿತು. ಹಳೆಯ ನಲವತ್ತೊಂದನ್ನೂ ಲೆಕ್ಕದಿಂದ ಕೈಬಿಟ್ಟರು. ಕೆಲಸ ನಿಲ್ಲಿಸಲಿಲ್ಲ, ನಾಲ್ಕು ತಿಂಗಳು ಕೊಟ್ಟರು. ಒಂದು ಷರತ್ತು ಹಾಕಿದರು. ತಡವಾದದ್ದೇ ಕಾರಣವೆಂದು ಹೇಳುವುದಾದರೆ ಅದನ್ನು ತೋರಿಸಿ. ಇನ್ನು ಮುಂದೆ ಬರುವ ಪ್ರತಿ ಚೂರನ್ನೂ ಎರಡಾಗಿ ಕತ್ತರಿಸಬೇಕು. ಅರ್ಧಕ್ಕೆ ಬಂದೊಡನೆ ಬಣ್ಣ. ಇನ್ನರ್ಧ ಅದೇ ಐಸಿನಲ್ಲಿ, ಅದೇ ಪೆಟ್ಟಿಗೆಯಲ್ಲಿ, ನೂರು ನಿಮಿಷ ತುಂಬುವವರೆಗೆ ಇರಬೇಕು. ಆಮೇಲೆ ಅದಕ್ಕೂ ಬಣ್ಣ. ಆ ಹೊತ್ತೆಲ್ಲ ಒಬ್ಬರು ಪೆಟ್ಟಿಗೆಯ ಪಕ್ಕದಲ್ಲೇ ಇದ್ದು ಐದೈದು ನಿಮಿಷಕ್ಕೆ ಒಳಗಿನ ತಾಪಮಾನ ನೋಡಿ ಬರೆಯಬೇಕು.

ಯಾರು ಕೂರುವುದು ಎಂದು ಅಮೋಲ್ ಸರ್ ಕೇಳಿದಾಗ ಧಾತ್ರಿ, "ಕಾಕಾ ಕೂರ್ತಾರೆ," ಎಂದಳು.

ಅವಳು ಶಿಕ್ಷೆ ಕೊಡುತ್ತಿದ್ದಾಳೆಂದು ದೇವಾನಂದನಿಗೆ ಅನಿಸಿತು. ಇರಬಹುದು. ಇನ್ನೊಮ್ಮೆ ತಪ್ಪು ಬರೆಯುವ ಧೈರ್ಯ ಆ ಕಟ್ಟಡದಲ್ಲಿ ಯಾರಿಗಾದರೂ ಇಲ್ಲವೆಂದರೆ ಅದು ಅವನಿಗೇ ಎಂಬ ಲೆಕ್ಕವೂ ಇರಬಹುದು. ಗುತ್ತಿಗೆಯನ್ನು ನಾಲ್ಕು ತಿಂಗಳಿಗೆ ಮಾತ್ರ ಮುಂದುವರಿಸಿದರು, ಅದಕ್ಕಿಂತ ಹೆಚ್ಚು ಒಂದು ದಿನವೂ ಇಲ್ಲ.

ಹೀಗೆ ಎರಡು ಮಾಡಬೇಕಾದ ಮೊದಲನೆಯ ಚೂರು ಬಂದದ್ದು ಬುಧವಾರ, ಅರವತ್ತೆಂಟು ನಿಮಿಷಕ್ಕೆ. ಧಾತ್ರಿ ಅದನ್ನು ಎರಡು ಮಾಡಿ ಒಂದರ್ಧ ಒಳಗೆ ಒಯ್ದಳು. ಇನ್ನರ್ಧ ಪೆಟ್ಟಿಗೆಯಲ್ಲಿ ಉಳಿಯಿತು. ಪೆಟ್ಟಿಗೆ ಹೊರಕೋಣೆಯ ಮೇಜಿನ ಮೇಲೆ, ಮೇಜಿನ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ದೇವಾನಂದ. ಎಪ್ಪತ್ತನೆಯ ನಿಮಿಷಕ್ಕೆ ತಾಪಮಾನ ಬರೆದ. ಎಪ್ಪತ್ತೈದಕ್ಕೆ ಬರೆದ. ಮೊಣಕಾಲು ತಾನಾಗಿ ಅಲುಗುತ್ತಿತ್ತು. ಮೇಜು ಅಲುಗೀತೆಂದು ಅದನ್ನು ಕೈಯಿಂದ ಒತ್ತಿ ಹಿಡಿದ. ಒಂದು ಬದುಕಿರುವ ವಸ್ತು ತನ್ನ ಕಣ್ಣೆದುರಿಗೆ ಸೋಲುತ್ತಿರುವಾಗ ಅದನ್ನು ಎತ್ತಿಕೊಂಡು ಓಡದೆ ಕೂರುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಒಳಗೆ ದೀಪ ಆರಿಸಿದರು. ಬಾಗಿಲಿನ ಸಣ್ಣ ಗಾಜು ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಧಾತ್ರಿಯ ದನಿ ಕೇಳಿತು, "ಬಂತು. ಗ್ರೀನ್ ಬಂತು, ಕಾಕಾ. ನೋಡ್ತೀರಾ?"

ಎರಡು ವರ್ಷದಲ್ಲಿ ಅವನು ಆ ಹಸಿರನ್ನು ಒಂದು ಸಲವೂ ನೋಡಿರಲಿಲ್ಲ. ಚೂರು ಕೊಟ್ಟೊಡನೆ ಯಾವಾಗಲೂ ಲ್ಯಾಬಿನ ಬೇರೆ ಸಾಮಾನು ತರಲು ಮುಂದಿನ ಗಾಡಿಗೆ ಓಡುತ್ತಿದ್ದ.

"ಇಲ್ರಿ," ಎಂದ. "ಎಂಬತ್ತು ಆಗಾಕತ್ತೈತಿ." ಮತ್ತೆ ಗಡಿಯಾರ ನೋಡಿ, ಮುಳ್ಳು ಸರಿಯುವವರೆಗೆ ಕಾದು, ಬರೆದ.